ಬ್ಯಾಟರಿಯ ಮೇಲೆ ಫ್ರಿಜ್ಜು: ಅರ್ಧ ಬಳಸಿ, ಅರ್ಧ ಉಳಿಸಿ



ಈಗ ಹಳ್ಳಿಯ ಮನೆಗಳಲ್ಲೂ ಫ್ರಿಜ್ಜು ಬಂದಿದೆ. ಸಂಜೆ ಕರೆದ ಹಾಲು ಅದರಲ್ಲಿದೆ. ಎಷ್ಟೋ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರ ಇನ್ಸುಲಿನ್ ಔಷಧವೂ ಅದರಲ್ಲೇ ಇದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ರಾತ್ರಿಯೆಲ್ಲ ವಿದ್ಯುತ್ತಿಲ್ಲ. ಆಗ ಇನ್ವರ್ಟರಿನ ಬ್ಯಾಟರಿಯೇ ಗತಿ. ಆದರೆ ಮೊದಲ ವರ್ಷ ರಾತ್ರಿಯಿಡೀ ನಡೆದ ಬ್ಯಾಟರಿ ಎರಡೇ ವರ್ಷದಲ್ಲಿ ಸೋತು ಕೈಕೊಡುವುದುಂಟು. ಇದಕ್ಕೆ ಕಾರಣವೇನು?

ಬ್ಯಾಟರಿಯನ್ನು ಕಣಜವೆಂದು ತಿಳಿಯಿರಿ. 12 ವೋಲ್ಟಿನ 150 ಆಂಪೇರ್-ಗಂಟೆಯ ಸೀಸದ ಬ್ಯಾಟರಿ ನಿಮ್ಮಲ್ಲಿದೆ ಎನ್ನೋಣ. ಅದರಲ್ಲಿ ಅರ್ಧ, ಎಂದರೆ 75 ಮಾತ್ರ ನಿಮ್ಮದು. ಉಳಿದರ್ಧ ಬಿತ್ತನೆಯ ಬೀಜ. ಓಡುವಾಗ 100 ವ್ಯಾಟ್ ಎಳೆಯುವ ಫ್ರಿಜ್ಜು ಅರ್ಧ ಹೊತ್ತು ಓಡಿ, ಅರ್ಧ ಹೊತ್ತು ನಿಲ್ಲುತ್ತದೆ. ಇನ್ವರ್ಟರಿನ ನಷ್ಟವೂ ಸೇರಿ ಗಂಟೆಗೆ ಸುಮಾರು 5 ಆಂಪೇರ್-ಗಂಟೆ ಖರ್ಚು. 75ನ್ನು 5ರಿಂದ ಭಾಗಿಸಿದರೆ 15 ಗಂಟೆ. ದೀಪ, ಫ್ಯಾನು, ಟೆಲಿವಿಷನ್ ಸೇರಿದರೆ ಈ ಲೆಕ್ಕ ಕುಗ್ಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.

ಬ್ಯಾಟರಿ ಖಾಲಿಯಾಗುವಾಗ ಸೀಸದ ಫಲಕಗಳ ಮೇಲೆ ಬಿಳಿಯ ಲವಣ ಕೂರುತ್ತದೆ. ಕೂಡಲೇ ಚಾರ್ಜು ಮಾಡಿದರೆ ಅದು ಕರಗಿ ಹೋಗುತ್ತದೆ. ಖಾಲಿ ಬ್ಯಾಟರಿಯನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ ಲವಣ ಗಟ್ಟಿಯಾಗುತ್ತದೆ, ಮತ್ತೆ ಕರಗದು. ದಿನವೆಲ್ಲ ಉತ್ತ ಎತ್ತನ್ನು ಮೇವಿಲ್ಲದೆ ಕಟ್ಟುವವರುಂಟೆ? ಬ್ಯಾಟರಿಗೂ ಅಂದಿನ ಮೇವು ಅಂದೇ ಬೇಕು.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಾನೇ ತಂಪಾಗಿರುತ್ತದೆ. ಸ್ವಲ್ಪ ಹೊತ್ತು ವಿದ್ಯುತ್ ಹೋದರೆ ಬ್ಯಾಟರಿಗೆ ಹಚ್ಚಬೇಡಿ.

2. ಬಿಸಿ ಹಾಲನ್ನು ಆರಿಸಿಯೇ ಒಳಗಿಡಿ. ಖಾಲಿ ಜಾಗದಲ್ಲಿ ನೀರಿನ ಸೀಸೆಗಳಿದ್ದರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ.

3. ವೋಲ್ಟ್ ಮೀಟರಿನಿಂದ ಅಳೆಯಿರಿ. ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧವಾಗಿದೆ.

4. ವಿದ್ಯುತ್ ಬಂದೊಡನೆ ಪೂರ್ತಿ ಚಾರ್ಜು ಮಾಡಿ. ಕೊನೆಯ ಭಾಗ ನಿಧಾನವಾಗಿ ತುಂಬುತ್ತದೆ, ನಡುವೆ ನಿಲ್ಲಿಸಬೇಡಿ.

5. ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ. ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಿ. ಬಾವಿಯ ನೀರು ಬೇಡ. ಚಾರ್ಜಾಗುವಾಗ ಉರಿಯುವ ಅನಿಲ ಹೊರಡುವುದರಿಂದ ಬ್ಯಾಟರಿಯ ಬಳಿ ಬೆಂಕಿ ಕೂಡದು, ಗಾಳಿಯಾಡಬೇಕು.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಹೆಪ್ಪುಗಟ್ಟಿದರೂ ಕೆಡುತ್ತದೆ. ಅದನ್ನು ಮಂಜಿನ ಅರೆಯಿಂದ ದೂರವಿಡಿ. ಕತ್ತಲೆಯ ರಾತ್ರಿ ದೀರ್ಘವೆಂದು ಕಂಡರೆ ಟೆಲಿವಿಷನ್ ಆರಿಸಿ, ಫ್ರಿಜ್ಜನ್ನು ಉಳಿಸಿಕೊಳ್ಳಿ. ಇಂದು ಉಳಿಸಿದ ಅರ್ಧವೇ ನಾಳೆಯ ಆಪತ್ತಿಗೆ ಆಸರೆ.