ಬಿಟ್ಟ ಜಾಗವೇ ಬೆಳ್ಳಿಗೂದಲು

ಮಕ್ಕಳೇ, ನನ್ನ ಮೊಮ್ಮಗಳು ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಪೆನ್ಸಿಲ್ ಹಿಡಿದರೆ ಮುಖ ಥೇಟ್ ಬರುತ್ತದೆ. ಈ ಸಲ ರಜೆಗೆ ಬಂದವಳು, "ತಾತ, ಇದುವರೆಗೆ ಮುಟ್ಟದ್ದರಲ್ಲಿ ಅಜ್ಜಿ ಮುಖ ಬರೀತೀನಿ" ಎಂದು ನನ್ನವಳ ಫೋಟೋ ಕೇಳಿದಳು. ಆಕೆ ತೀರಿಕೊಂಡು 2 ವರ್ಷ.

ಮೊದಲು ಇದ್ದಿಲ ಕಡ್ಡಿ. ಅಂಗೈ ತಾಗಿ ಅಜ್ಜಿಯ ಕೆನ್ನೆಯೆಲ್ಲ ಮಸಿ! ಆಮೇಲೆ ಜಲವರ್ಣ. ತಿಳಿಬಣ್ಣದಿಂದ ಗಾಢಕ್ಕೆ ಹೋಗಬೇಕು; ಬಿಳುಪು ಬೇಕಾದಲ್ಲಿ ಕಾಗದವನ್ನೇ ಖಾಲಿ ಬಿಡಬೇಕು. ರಬ್ಬರ್ ನಡೆಯದು. ನಮ್ಮ ಬ್ಯಾಂಕಿನ ಲೆಡ್ಜರಿನಲ್ಲೂ ಹಾಗೇ, ತಪ್ಪಾದರೆ ಅಳಿಸುವಂತಿರಲಿಲ್ಲ; ಗೀಟು ಹೊಡೆದು ಸಹಿ ಹಾಕಬೇಕಿತ್ತು.

3 ಹಾಳೆ ಹಾಳಾದವು. ನಾಲ್ಕನೆಯದರಲ್ಲಿ ಕೂದಲಿನ ಜಾಗ ಮುಟ್ಟದೆ ಬಿಟ್ಟಳು. ಮೂಗು ಸ್ವಲ್ಪ ಸೊಟ್ಟ. ಆದರೆ ದೀಪ ಹಚ್ಚುವಾಗ ಹೊಳೆಯುತ್ತಿದ್ದ ಆ ಬೆಳ್ಳಿಗೂದಲು ನನ್ನವಳದೇ. ಅದಕ್ಕೇ ಕಟ್ಟು ಹಾಕಿಸಿದ್ದೇನೆ.