ಶಾಲೆದಾರಿಯ ನೆರಳು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಯಲುಸೀಮೆಯ ಯಾವುದೇ ಹಳ್ಳಿಯ ಅರಳಿಕಟ್ಟೆ ಬಳಿ ನಿಂತರೆ ಎರಡು ಬಗೆಯ ಮಕ್ಕಳು ಕಾಣುತ್ತಾರೆ. ಹಳದಿ ವ್ಯಾನಿಗೆ ಕಾದು ನಿಂತವರು ಒಂದಷ್ಟು ಮಂದಿ. ಮನೆಮನೆ ಮುಂದೆ ನಿಂತು ಗೆಳತಿಯರನ್ನು ಕೂಗಿ ಕರೆದುಕೊಂಡು, ತಮ್ಮನ ಕೈ ಹಿಡಿದು, ಸರ್ಕಾರಿ ಶಾಲೆಯ ಕಡೆ ನಡೆದು ಹೊರಟವರು ಇನ್ನಷ್ಟು ಮಂದಿ. ಊರಾಚೆಯ ಕೆರೆಗೆ ಎಷ್ಟು ನೀರು ಬಂದಿದೆ, ಯಾವ ಹುಣಸೆಮರದಲ್ಲಿ ಕಾಯಿ ದೋರೆಗೆ ಬಂದಿದೆ ಎನ್ನುವುದು ಈ ನಡೆಯುವ ಮಕ್ಕಳಿಗೆ ಯಾರೂ ಹೇಳಿಕೊಡದೆಯೇ ಗೊತ್ತು.

ಶ್ರೀಮಂತ ದೇಶಗಳು ಈ ನಡಿಗೆಯನ್ನು ಕಳೆದುಕೊಂಡು ಈಗ ಹುಡುಕುತ್ತಿವೆ. ಅಮೆರಿಕದಲ್ಲಿ 1969ರಲ್ಲಿ ಎಂಟನೇ ತರಗತಿವರೆಗಿನ ಮಕ್ಕಳಲ್ಲಿ ಶೇ 48ರಷ್ಟು ಮಂದಿ ನಡೆದೋ ಸೈಕಲ್ ತುಳಿದೋ ಶಾಲೆಗೆ ಹೋಗುತ್ತಿದ್ದರು. 2009ರ ಹೊತ್ತಿಗೆ ಹಾಗೆ ಹೋಗುವವರು ಶೇ 13ಕ್ಕೆ ಇಳಿದಿದ್ದರು. ಮಕ್ಕಳನ್ನು ಕಾರಿನಿಂದ ಇಳಿಸಿ ಮತ್ತೆ ನಡೆಸಲು ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದಲ್ಲಿ ‘ನಡಿಗೆ ಬಸ್’ ಎಂಬ ಉಪಾಯ ಮುಂದಿಟ್ಟರು. ಇದಕ್ಕೆ ಚಕ್ರವಿಲ್ಲ, ಎಂಜಿನ್ ಇಲ್ಲ. ಮುಂದೆ ಒಬ್ಬ ಹಿರಿಯರು, ಹಿಂದೆ ಒಬ್ಬರು, ನಡುವೆ ಮಕ್ಕಳ ಸಾಲು; ಗೊತ್ತಾದ ನಿಲ್ದಾಣ, ಗೊತ್ತಾದ ಹೊತ್ತು. ಇಟಲಿಯ ಲೆಕ್ಕೊ ಪಟ್ಟಣ 2003ರಲ್ಲಿ ಇದನ್ನು ಶುರುಮಾಡಿತು. ಜಪಾನಿನಲ್ಲಂತೂ ಅಕ್ಕಪಕ್ಕದ ಮನೆಗಳ ಮಕ್ಕಳು ಗುಂಪು ಕಟ್ಟಿಕೊಂಡು, ದೊಡ್ಡ ತರಗತಿಯವರ ಹಿಂದೆ ಸಾಲಾಗಿ ಹೋಗುವುದು ಹಳೆಯ ರೂಢಿ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹೆಸರಿಲ್ಲ, ಅಷ್ಟೇ. ಏಳನೇ ತರಗತಿಯ ಅಕ್ಕ ಮುಂದೆ, ಒಂದನೇ ತರಗತಿಯ ಪುಟಾಣಿ ಅವಳ ಲಂಗದ ತುದಿ ಹಿಡಿದು ಹಿಂದೆ. ಹಾಗಾಗಿ ಇಲ್ಲಿನ ಪ್ರಾಥಮಿಕ ಶಾಲೆ ಹೊಸ ಅಭ್ಯಾಸವನ್ನೇನೂ ಕಲಿಸಬೇಕಿಲ್ಲ. ಇರುವ ಅಭ್ಯಾಸ ಕೈತಪ್ಪದಂತೆ ಕಾಯಬೇಕು. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳೂ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟನೇ ತರಗತಿಯವರಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುತ್ತವೆ. ದೂರವನ್ನು ಅಳೆದಿರುವುದೇ ಮಕ್ಕಳ ಕಾಲಳತೆಯಲ್ಲಿ.

ಆದರೂ ನಡಿಗೆ ತಪ್ಪುತ್ತಿದೆಯಲ್ಲ, ಏಕೆ?

ಒಂದು, ಬೆನ್ನ ಮೇಲಿನ ಹೊರೆ. ಒಂದು-ಎರಡನೇ ತರಗತಿಯ ಚೀಲ ಎರಡು ಕಿಲೋ ಮೀರಬಾರದು, ಮೂರರಿಂದ ಐದನೇ ತರಗತಿಯವರದು ಮೂರು ಕಿಲೋ ಮೀರಬಾರದು ಎಂದು 2019ರಲ್ಲೇ ರಾಜ್ಯದಲ್ಲಿ ಆದೇಶವಾಗಿದೆ. ಊರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಚೀಲಗಳನ್ನು ಇಟ್ಟು ನೋಡಿದರೆ ಆದೇಶ ಪಾಲನೆ ಎಷ್ಟಾಗಿದೆ ಎಂದು ಮಕ್ಕಳಿಗೇ ತಿಳಿಯುತ್ತದೆ.

ಇನ್ನೊಂದು, ಭಯ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಶಾಲೆಗೂ ಮನೆಗೂ ನಡುವೆ ಹಳ್ಳ ಉಕ್ಕುತ್ತದೆ. ಅಡಿಕೆ ದಬ್ಬೆ, ಮರದ ದಿಮ್ಮಿ ಹಾಕಿ ಕಟ್ಟಿದ ಕಾಲುಸಂಕ ಪಾಚಿಗಟ್ಟಿ ಜಾರುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಇಂಥ ಕಡೆ ‘ನಡೆದು ಬನ್ನಿ’ ಎಂದು ಮಕ್ಕಳಿಗೆ ಹೇಳುವ ಮೊದಲು ಸಂಕಕ್ಕೆ ಗಟ್ಟಿ ಹಾಸು, ಎರಡೂ ಬದಿಗೆ ಹಿಡಿಕಂಬಿ ಆಗಲೇಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಇದಕ್ಕಿಂತ ದೊಡ್ಡ ಬೇಡಿಕೆ ಇಲ್ಲ. ಮನೆಯಿಂದ ಶಾಲೆವರೆಗಿನ ದಾರಿಯ ನಕ್ಷೆಯನ್ನು ಮಕ್ಕಳೇ ಬರೆದು, ಜಾರುವ ಜಾಗ, ಲಾರಿ ನುಗ್ಗುವ ತಿರುವು, ಬೀದಿನಾಯಿಗಳ ಮೂಲೆ ಇವನ್ನೆಲ್ಲ ಕೆಂಪು ಬಣ್ಣದಲ್ಲಿ ಗುರುತಿಸಿ ಪಂಚಾಯಿತಿ ಮುಂದಿಟ್ಟರೆ ಸಮಾಜ ವಿಜ್ಞಾನದ ಪಾಠವೂ ಆದೀತು, ಅರ್ಜಿಯೂ ಆದೀತು.

ಬಯಲುಸೀಮೆಯ ಕಷ್ಟ ಬಿಸಿಲು. ರಸ್ತೆ ಅಗಲವಾದಂತೆ ಸಾಲುಮರಗಳು ಹೋದವು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ನಾಲ್ಕು ಕಿಲೋಮೀಟರ್ ದಾರಿಯಲ್ಲಿ ಹೆಜ್ಜೆ ಹಾಕಿದವರಿಗೆ ನೆರಳಿನ ಬೆಲೆ ಗೊತ್ತು. ಅಲ್ಲಿ ನಿಂತಿರುವ 385 ಆಲದ ಮರಗಳನ್ನು ಬೆಳೆಸಿದವರು ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ. ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೂಲಿ ಮಾಡಿ ಬದುಕಿದವರು. ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಮುಂದಿನ ವರ್ಷಗಳಲ್ಲಿ ಹದಿನೈದು, ಇಪ್ಪತ್ತು. ಮಳೆ ಹಿಡಿಯುವ ಹೊತ್ತಿಗೆ ನೆಡುವುದು, ಕೊಡಗಳಲ್ಲಿ ನೀರು ಹೊತ್ತು ಹಾಕುವುದು, ದನ ಮೇಯದಂತೆ ಸುತ್ತ ಮುಳ್ಳು ಕಟ್ಟುವುದು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡಲು ಆ ಮರಗಳಿಗೇ ಕುತ್ತು ಬಂದಾಗ ಅವರು ಮುಖ್ಯಮಂತ್ರಿಯವರನ್ನು ಕಂಡು ಉಳಿಸಿಕೊಡಿ ಎಂದು ಕೇಳಿಕೊಂಡರು. ಒಂದು ಶಾಲೆ ವರ್ಷಕ್ಕೆ ಹತ್ತೇ ಸಸಿ ನೆಟ್ಟು ಹತ್ತನ್ನೂ ಉಳಿಸಿಕೊಂಡರೆ ಸಾಕು. ಪರಿಸರ ದಿನಾಚರಣೆಯ ಫೋಟೊಗಾಗಿ ನೂರು ಗುಂಡಿ ತೋಡುವುದು ಬೇಡ.

ಐದನೇ ತರಗತಿಯ ಗಣಿತದಲ್ಲೂ ಈ ದಾರಿ ಬರಬಹುದು. ಎರಡು ಕಿಲೋಮೀಟರ್ ದೂರದ ಶಾಲೆಗೆ ಅಪ್ಪ ಬೈಕಿನಲ್ಲಿ ಬಿಟ್ಟು ಹೋಗುತ್ತಾರೆ, ಸಂಜೆ ಮತ್ತೆ ಬಂದು ಕರೆದೊಯ್ಯುತ್ತಾರೆ. ದಿನಕ್ಕೆ ಎಂಟು ಕಿಲೋಮೀಟರ್. ವರ್ಷಕ್ಕೆ 200 ದಿನ ಶಾಲೆ ಎಂದರೆ 1,600 ಕಿಲೋಮೀಟರ್. ಲೀಟರಿಗೆ 40 ಕಿಲೋಮೀಟರ್ ಓಡಿದರೆ 40 ಲೀಟರ್ ಪೆಟ್ರೋಲು. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಟ್ಟು 92 ಕಿಲೋ, ಅಂದರೆ ಒಂದು ಕ್ವಿಂಟಾಲಿಗೆ ಎಂಟೇ ಕಿಲೋ ಕಡಿಮೆ. ರಾಗಿ ಮೂಟೆ ಕಂಡ ಮಕ್ಕಳಿಗೆ ಈ ಭಾರ ಕಣ್ಣಿಗೆ ಕಟ್ಟುತ್ತದೆ. ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲಿನಿಂದ ಎರಡು ಕಿಲೋಗೂ ಹೆಚ್ಚು ಅನಿಲ ಹೇಗೆ ಹುಟ್ಟಿತು ಎಂದು ಜಾಣ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಪೆಟ್ರೋಲಿನ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ತನಗೆ ಕೂಡಿಸಿಕೊಳ್ಳುತ್ತದೆ. ಪ್ರತಿ 12 ಪಾಲು ಇಂಗಾಲಕ್ಕೆ 32 ಪಾಲು ಆಮ್ಲಜನಕ ಸೇರುವುದರಿಂದ ತೂಕ ಏರುತ್ತದೆ.

ದಾರಿಯ ಹಾಗೆ ಶಾಲೆಯ ಅಂಗಳವನ್ನೂ ಹಸಿರಾಗಿಸಬಹುದು; ಅಂಥ ಕೆಲಸಗಳು ಬಹಳ ಕಡೆ ಆಗಲೇ ನಡೆದಿವೆ. ಬಿಸಿಯೂಟದ ನಂತರ ಅರವತ್ತು ಮಕ್ಕಳು ಕೈ, ತಟ್ಟೆ ತೊಳೆಯಲು ತಲಾ ಎರಡು ಲೀಟರ್ ಬಳಸಿದರೂ 120 ಲೀಟರ್ ನೀರು. ಅದನ್ನು ಬಾಳೆ, ಪಪ್ಪಾಯಿ, ಕರಿಬೇವಿನ ಪಾತಿಗೆ ತಿರುಗಿಸಲು ಒಂದು ಕಾಲುವೆ ತೆಗೆದರೆ ಸಾಕು. ತರಕಾರಿ ಸಿಪ್ಪೆ, ಮೊಟ್ಟೆಯ ಓಡು ಗೊಬ್ಬರದ ಗುಂಡಿಗೆ.

ದಾರಿಯ ಮರವೊಂದನ್ನು ವಾರಕ್ಕೊಮ್ಮೆ ನೋಡಿ ಬರೆದಿಡುವುದು ಇನ್ನೊಂದು ಚಂದದ ಕೆಲಸ. 2010ರಲ್ಲಿ ಶುರುವಾದ ‘ಸೀಸನ್‌ವಾಚ್’ ಎಂಬ ಯೋಜನೆ ಇದನ್ನೇ ಮಾಡಿಸುತ್ತಿದೆ; ಕೇರಳದ ಶಾಲಾಮಕ್ಕಳು ಇದರಲ್ಲಿ ಬಹಳ ಮುಂದಿದ್ದಾರೆ. ಹಲಸು ಎಂದು ಕಾಯಿ ಕಚ್ಚಿತು, ಕಕ್ಕೆ ಎಂದು ಹೂಬಿಟ್ಟಿತು ಎಂಬ ಪುಟ್ಟ ಟಿಪ್ಪಣಿಗಳು ವರ್ಷಗಟ್ಟಲೆ ಕೂಡಿದಾಗ ಋತುಗಳು ಹಿಂದುಮುಂದಾಗುತ್ತಿವೆಯೇ ಎಂದು ನೋಡಲು ದಾಖಲೆಯಾಗುತ್ತವೆ.

ಸಸಿ ನೆಡುವ ಶಾಲೆಗೆ ಹೊಂಗೆ ಒಳ್ಳೆಯ ಆಯ್ಕೆ. ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ಬಿರುಬಿಸಿಲಲ್ಲೇ ತಂಪು ಕೊಡುವ ಮರ. ಮೇಕೆಗಳೂ ಅದಕ್ಕೆ ಬಾಯಿ ಹಾಕುವುದು ಕಡಿಮೆ. ಹಾಲಿನ ಖಾಲಿ ಪ್ಯಾಕೆಟ್‌ಗೆ ಮಣ್ಣು ತುಂಬಿ ಬೀಜ ಊರಿದರೆ ಎರಡು-ಮೂರು ವಾರಕ್ಕೆ ಮೊಳಕೆ. ಅಪಾಯವಿರುವುದು ಏಪ್ರಿಲ್-ಮೇ ರಜೆಯಲ್ಲಿ. ಶಾಲೆಗೆ ಬೀಗ ಬಿದ್ದಾಗಲೇ ಎಳೆ ಗಿಡಕ್ಕೆ ನೀರು ಬೇಕು. ಆದ್ದರಿಂದ ಒಂದೊಂದು ಗಿಡವನ್ನು ಅದಕ್ಕೆ ಹತ್ತಿರದ ಮನೆಯ ಮಗುವಿನ ಹೆಸರಿಗೆ ಬರೆದು, ಎರಡು ದಿನಕ್ಕೊಮ್ಮೆ ಒಂದು ಬಿಂದಿಗೆ ಎಂದು ಗೊತ್ತುಮಾಡಬೇಕು. ಶಾಲೆ ಮತ್ತೆ ತೆರೆದ ದಿನ ಮಕ್ಕಳು ಬರುವ ದಾರಿಯಲ್ಲೇ ಗಿಡಗಳನ್ನು ಎಣಿಸಿಕೊಂಡು ಬರಲಿ. ಒಣಗಿದ ಕಡೆ ಹಾಕಲು ಪ್ಯಾಕೆಟ್‌ನಲ್ಲಿ ಬೆಳೆದ ಇನ್ನೊಂದು ಸಸಿ ವರಾಂಡದ ಮೂಲೆಯಲ್ಲಿ ತಯಾರಿರಲಿ.