ನೆರೆ ಇಳಿದ ಮೇಲೆ ಒಲೆ ಹೊತ್ತಬೇಕಾದರೆ

1908ನೆಯ ಇಸವಿ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿಯು ಉಕ್ಕಿ ಹರಿದು, ಸಹಸ್ರಾರು ಪ್ರಾಣಗಳನ್ನೂ ಅಸಂಖ್ಯ ಮನೆ-ಮಳಿಗೆಗಳನ್ನೂ ಕೊಚ್ಚಿಕೊಂಡು ಹೋಯಿತು. ಮರುವರ್ಷ ನಿಜಾಮ ಸರಕಾರವು ಪರಿಹಾರೋಪಾಯಕ್ಕಾಗಿ ಕರೆಸಿಕೊಂಡದ್ದು ಕನ್ನಡನಾಡಿನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಹಾಳಾದುದರ ದುರಸ್ತಿಯಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ನೀರು ಎಲ್ಲಿಂದ ಬಂತು, ಎಷ್ಟು ಬಂತು, ಮತ್ತೆ ಬಂದರೆ ಎಲ್ಲಿ ತಡೆಯಬೇಕು ಎಂಬುದನ್ನು ಲೆಕ್ಕ ಹಾಕಿ, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸಬೇಕೆಂದು ಸಲಹೆಯಿತ್ತರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು.

ಮಹಾನಗರಕ್ಕೆ ಸಲ್ಲುವ ಈ ವಿವೇಕವು ಅದರ ಬೀದಿಯಂಚಿನ ಚಿಕ್ಕ ಉಪಾಹಾರಗೃಹಕ್ಕೂ ಸಲ್ಲತಕ್ಕದ್ದು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಉಡುಪಿ-ಕುಂದಾಪುರದ ಕಡೆಯಿಂದ ಬಂದು, ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವಷ್ಟು ಏಳಿಗೆ ಪಡೆದ ಕನ್ನಡಿಗರು ಅನೇಕರುಂಟು. ಹಲವು ವರ್ಷಗಳ ಆ ದುಡಿಮೆ ಒಂದೇ ರಾತ್ರಿಯ ನೀರಿನಲ್ಲಿ ಕರಗಿಹೋಗುವುದು ಅಸಂಭವವೇನಲ್ಲ.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಸುರಿದದ್ದು 75 ಮಿಲಿಮೀಟರಿಗೂ ಕಡಿಮೆ. ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯನ್ನು ಸಾಗಿಸಲೆಂದು ಕಟ್ಟಿದ್ದ ಹಳೆಯ ಚರಂಡಿಗಳು ಆ ನೀರನ್ನು ತಾಳಲಿಲ್ಲ. ಸಮುದ್ರದ ಭರತವೂ ಜೊತೆಗೂಡಿತು. ಮೀಠಿ ನದಿ ದಡ ಮೀರಿತು. ಹತ್ತು ವರ್ಷಗಳ ಬಳಿಕ, 2015ರ ಡಿಸೆಂಬರ್ ಆರಂಭದಲ್ಲಿ, ಚೆನ್ನೈ ಅಡ್ಯಾರ್ ನದಿಯ ಪ್ರವಾಹಕ್ಕೆ ತುತ್ತಾಯಿತು. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಅನೇಕ ಬಡಾವಣೆಗಳು ಮತ್ತೆ ಜಲಾವೃತವಾದವು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದೆಂದಿದ್ದರೆ, ವ್ಯವಸ್ಥೆಯು ಬೇಸಿಗೆಯಲ್ಲಿಯೇ ಆಗಬೇಕು.

ಮೊದಲು ಮನುಷ್ಯರು

ಅನೇಕ ಉಪಾಹಾರಗೃಹಗಳಲ್ಲಿ ಕೆಲಸದ ಹುಡುಗರು ರಾತ್ರಿ ಅಲ್ಲಿಯೇ ಮಲಗುತ್ತಾರೆ. ಅವರನ್ನು ಮಗನಂತೆ ನೋಡಿಕೊಳ್ಳುವರೆಂಬ ನಂಬಿಕೆಯಿಂದಲೇ ಊರಿನ ತಾಯಿ-ತಂದೆ ಕಳುಹಿಸಿರುತ್ತಾರೆ. ಆದುದರಿಂದ ನೀರು ಏರಿದಾಗ ಅವರು ಯಾವ ದಾರಿಯಿಂದ ಹೊರಬರಬೇಕು, ಯಾವ ಕಟ್ಟಡದ ಮೇಲಂತಸ್ತಿಗೆ ಹೋಗಬೇಕು ಎಂಬುದನ್ನು ಮಾಲೀಕನು ಮೊದಲೇ ನಿಶ್ಚಯಿಸಿ ತೋರಿಸಿಕೊಟ್ಟಿರಬೇಕು. ಹೊರಗಿನಿಂದ ಬೀಗ ಹಾಕಿ ಒಳಗೆ ಮಲಗಿಸುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಇಂದೇ ಬಿಡತಕ್ಕದ್ದು. ಬೆಂಕಿಯಲ್ಲಾಗಲಿ ನೀರಿನಲ್ಲಾಗಲಿ ಬೀಗವೇ ಮೃತ್ಯುವಾದೀತು. ಪ್ರತಿಯೊಬ್ಬನ ಊರಿನ ವಿಳಾಸ, ಮನೆಯವರ ದೂರವಾಣಿ ಸಂಖ್ಯೆ ಒಂದು ಕಾಗದದಲ್ಲಿಯೂ ಇರಲಿ. ಮೊಬೈಲ್ ನೀರಿಗೆ ಬಿದ್ದರೆ ಅದರೊಳಗಿನ ಸಂಖ್ಯೆಯೂ ಹೋಯಿತು.

ಕಾಗದಪತ್ರ ಮತ್ತು ವಿಮೆ

ವಿಮಾಪತ್ರ, ಆಹಾರ ಪರವಾನಗಿ, ಬಾಡಿಗೆ ಕರಾರು, ರುಬ್ಬುವ ಯಂತ್ರ ಹಾಗೂ ಶೀತಕಗಳ ಖರೀದಿ ರಸೀದಿ, ಸರಕಿನ ಲೆಕ್ಕ ಇವೆಲ್ಲದರ ಪ್ರತಿಗಳು ಬೇರೊಂದು ಸ್ಥಳದಲ್ಲಿರುವುದು ಅವಶ್ಯ. ಊರಿನ ಮನೆಯ ಕಪಾಟಿನಷ್ಟು ಸುರಕ್ಷಿತ ಸ್ಥಳ ಬೇರೆ ಬೇಡ. ವರ್ಷಕ್ಕೊಮ್ಮೆ ಅಂಗಡಿಯ ಪ್ರತಿ ಮೂಲೆಯ ಚಿತ್ರ ತೆಗೆದಿಟ್ಟರೆ, ಇದ್ದದ್ದು ಏನೆಂಬುದಕ್ಕೆ ಸಾಕ್ಷ್ಯ ದೊರೆಯುತ್ತದೆ.

ಕಂತು ಉಳಿಸಲೆಂದು ವಿಮೆಯ ಮೊತ್ತವನ್ನು ಕಡಿಮೆ ತೋರಿಸುವುದು ಸಾಮಾನ್ಯವಾದ ತಪ್ಪು. ಹತ್ತು ಲಕ್ಷದ ಸಾಮಗ್ರಿಗೆ ಐದೇ ಲಕ್ಷದ ವಿಮೆ ಮಾಡಿಸಿದಾತನಿಗೆ ಎರಡು ಲಕ್ಷ ನಷ್ಟವಾದರೆ, ಸರಾಸರಿ ನಿಯಮದ ಮೇರೆಗೆ ದೊರೆಯುವುದು ಒಂದೇ ಲಕ್ಷ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ವಿಮೆಯು, ಒಂದು ಸ್ಥಳದಲ್ಲಿ ಐದು ಕೋಟಿ ರೂಪಾಯಿಯವರೆಗಿನ ಆಸ್ತಿಯುಳ್ಳ ಉದ್ಯಮಗಳಿಗಾಗಿ ರೂಪಿತವಾದುದು. ಬೆಂಕಿ, ನೆರೆ, ಬಿರುಗಾಳಿ, ಭೂಕಂಪ ಎಲ್ಲವೂ ಇದರಲ್ಲಿ ಅಡಕವಾಗಿವೆ. ವಿಮಾ ಮೊತ್ತದಲ್ಲಿ ಶೇಕಡ 15ರವರೆಗಿನ ಕೊರತೆಯನ್ನು ಮನ್ನಿಸುವ ಸೌಲಭ್ಯವೂ ಉಂಟು. ಆದರೆ ಬಾಗಿಲು ಮುಚ್ಚಿದ ದಿನಗಳ ವ್ಯಾಪಾರನಷ್ಟಕ್ಕೆ ಪ್ರತ್ಯೇಕ ವಿಮೆ ಬೇಕು. 2020ರ ಲಾಕ್‌ಡೌನ್ ಕಲಿಸಿದಂತೆ, ಕಟ್ಟಡಕ್ಕೆ ಏನೂ ಆಗದೆಯೂ ವ್ಯಾಪಾರ ನಿಲ್ಲಬಹುದು. ಆದ್ದರಿಂದ ಎರಡು-ಮೂರು ತಿಂಗಳ ಬಾಡಿಗೆ ಹಾಗೂ ಸಂಬಳಕ್ಕೆ ಸಾಲುವಷ್ಟು ಹಣವನ್ನು ಮುಟ್ಟದ ಗಂಟಾಗಿ ಇಡುವುದು ಜಾಣತನ.

ನೀರು ಏರುವಾಗ

ನೀರು ಒಳಗೆ ಕಾಲಿಡುವ ಮುನ್ನವೇ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಬೇಕು. ಗುಂಡಿಯನ್ನು ಮುಟ್ಟಲು ನೀರಿನಲ್ಲಿ ನಿಲ್ಲಬೇಕಾಗಿ ಬಂದರೆ ಅದನ್ನು ಮುಟ್ಟಲೇಬಾರದು. ಗ್ಯಾಸ್ ಸಿಲಿಂಡರುಗಳ ಕವಾಟವನ್ನು ಮುಚ್ಚಿ, ನೆಟ್ಟಗೆ ನಿಲ್ಲಿಸಿ, ಸರಪಳಿಯಿಂದ ಗೋಡೆಗೆ ಬಿಗಿಯಬೇಕು. ಬಿಗಿಯದ ಸಿಲಿಂಡರು ನೆರೆಯಲ್ಲಿ ತೇಲಿ, ಕೊಳವೆ ಕಿತ್ತು ಅನಿಲ ಸೋರುತ್ತದೆ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಕಿಡಿಯಾಗಲಿ, ದೀಪದ ಗುಂಡಿಯಾಗಲಿ ಕೂಡದು. ಅಕ್ಕಿ-ಬೇಳೆಯ ಚೀಲಗಳನ್ನು ಎತ್ತರದ ಹಲಗೆಗೆ ಏರಿಸುವುದು ನಂತರದ ಕೆಲಸ. ಸರಕಿಗಾಗಿ ಪ್ರಾಣವನ್ನು ಪಣಕ್ಕೊಡ್ಡುವುದು ತರವಲ್ಲ.

ನೀರು ಇಳಿದ ಮೇಲೆ

ಆತುರದಿಂದ ತೊಳೆಯಲು ತೊಡಗುವ ಮುನ್ನ ಚಿತ್ರ ತೆಗೆಯಬೇಕು, ಗೋಡೆಯ ಮೇಲೆ ನೀರು ನಿಂತ ಗೆರೆಯನ್ನು ಗುರುತಿಸಬೇಕು, ವಿಮಾ ಕಂಪೆನಿಗೆ ಅಂದೇ ತಿಳಿಸಬೇಕು. ಕೊಳೆತ ಪದಾರ್ಥವನ್ನು ಸಮೀಕ್ಷಕರು ಬರುವವರೆಗೆ ಇಟ್ಟುಕೊಳ್ಳಲಾಗದಿದ್ದರೆ, ಕಂಪೆನಿಗೆ ಹೇಳಿ, ತೂಕ ಬರೆದಿಟ್ಟು, ಚಿತ್ರ ಸಹಿತ ವಿಲೇವಾರಿ ಮಾಡಬಹುದು.

ನೆರೆನೀರು ಎಂದರೆ ಚರಂಡಿಯ ನೀರೇ. ಅದು ಮುಟ್ಟಿದ ಅಕ್ಕಿ, ಬೇಳೆ, ಹಿಟ್ಟು, ತರಕಾರಿ, ತಿರುಪು ಮುಚ್ಚಳದ ಭರಣಿಯ ಪದಾರ್ಥ ಇವೆಲ್ಲವನ್ನೂ ಎಸೆಯಲೇಬೇಕು. ಒಣಗಿಸಿ ಬಳಸೋಣವೆಂಬ ಆಸೆ ಹುಟ್ಟುವುದು ಸಹಜ, ಆದರೆ ಆ ಉಳಿತಾಯವು ಗಿರಾಕಿಯ ಹೊಟ್ಟೆಯಲ್ಲಿ ಅತಿಸಾರವಾಗಿ, ಕಾಮಾಲೆಯಾಗಿ, ವಿಷಮಶೀತಜ್ವರವಾಗಿ ಹೊರಬೀಳುತ್ತದೆ. ವಿದ್ಯುತ್ತಿಲ್ಲದೆ ಮುಚ್ಚಿಯೇ ಇದ್ದ ಶೀತಕದಲ್ಲಿ ಹಾಲು, ಕಾಯಿಚಟ್ನಿಗಳು ನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಇದ್ದರೆ ಅವೂ ತ್ಯಾಜ್ಯವೇ. ಉಕ್ಕಿನ ಪಾತ್ರೆಗಳನ್ನು ಸಾಬೂನಿನಿಂದ ಉಜ್ಜಿ, ಕುದಿಯುವ ನೀರಿನಲ್ಲಿ ಅದ್ದಬಹುದು. ಮರದ ಹಲಗೆ, ಲಟ್ಟಣಿಗೆಗಳನ್ನು ಬಿಟ್ಟುಬಿಡುವುದು ಲೇಸು. ನೆಲವನ್ನು ಮೊದಲು ಕೆಸರು ಹೋಗುವಂತೆ ತೊಳೆದು, ಆಮೇಲೆ ಬ್ಲೀಚಿಂಗ್ ಪುಡಿಯ ದ್ರಾವಣ ಹಾಕಬೇಕು, ಏಕೆಂದರೆ ಕೆಸರಿನ ಮೇಲೆ ಸುರಿದ ಪುಡಿಯ ಶಕ್ತಿ ವ್ಯರ್ಥವಾಗುತ್ತದೆ. ಅದಕ್ಕೆ ಆಮ್ಲವನ್ನು ಎಂದಿಗೂ ಬೆರೆಸಕೂಡದು. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ನೀರಿನ ತೊಟ್ಟಿಯನ್ನು ಬರಿದು ಮಾಡಿ, ಉಜ್ಜಿ, ಕ್ಲೋರಿನ್ ಹಾಕಿ ಶುದ್ಧಿಗೊಳಿಸಿದ ನಂತರವೇ ಬಳಸಬೇಕು. ನೆನೆದ ರುಬ್ಬುವ ಯಂತ್ರವನ್ನು ಕುಶಲ ವಿದ್ಯುತ್ ಕೆಲಸಗಾರ ಪರೀಕ್ಷಿಸುವವರೆಗೆ ಚಾಲೂ ಮಾಡಬಾರದು. ಬಾಡಿಗೆಯ ಜನರೇಟರನ್ನು ಒಳಗಿಟ್ಟರೆ ಅದರ ಹೊಗೆಯಲ್ಲಿರುವ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣಹಾರಿ.

ಇಲಿಜ್ವರದ ಎಚ್ಚರ

2005ರ ನೆರೆಯ ಬೆನ್ನಿಗೇ ಮುಂಬಯಿಯಲ್ಲಿ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಹಬ್ಬಿತು. ಇಲಿ, ನಾಯಿ, ದನಗಳ ಮೂತ್ರದಿಂದ ನೀರಿಗೆ ಸೇರುವ ರೋಗಾಣುವು ಕಾಲಿನ ಸಣ್ಣ ಗಾಯದಿಂದಲೂ ದೇಹವನ್ನು ಪ್ರವೇಶಿಸುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಮೀನಖಂಡಗಳ ತೀವ್ರ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತವೆ. ಅಲಕ್ಷಿಸಿದರೆ ಕಾಮಾಲೆ, ಮೂತ್ರಪಿಂಡ ವೈಫಲ್ಯ ತಲೆದೋರಬಹುದು. ಆದುದರಿಂದ ಕೆಸರು ಬಾಚುವವರಿಗೆ ರಬ್ಬರ್ ಬೂಟು, ಕೈಚೀಲಗಳನ್ನು ಒದಗಿಸುವುದು ಮಾಲೀಕನ ಕರ್ತವ್ಯ. ನೆರೆನೀರಿನಲ್ಲಿ ನಡೆದವರು ತಡಮಾಡದೆ ವೈದ್ಯರನ್ನು ಕಂಡು, ಮುನ್ನೆಚ್ಚರಿಕೆಯ ಔಷಧ ಬೇಕೇ ಎಂದು ವಿಚಾರಿಸಬೇಕು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ತಾವಾಗಿಯೇ ನುಂಗತಕ್ಕದ್ದಲ್ಲ. ಬೆವರಿನಿಂದ ಬಂದ ಮೈಕೈ ನೋವೆಂದು ಹುಡುಗನು ಹೇಳಿದರೂ, ಜ್ವರವಿದ್ದರೆ ಅವನನ್ನು ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ.

ಮತ್ತೆ ಬಾಗಿಲು ತೆರೆಯುವಾಗ

ಮೊದಲ ದಿನವೇ ಪೂರ್ಣ ಪಟ್ಟಿಯ ತಿಂಡಿಗಳನ್ನು ನೀಡಬೇಕೆಂಬ ಛಲ ಬೇಡ. ಶುದ್ಧವಾದ ನೀರಿನಲ್ಲಿ ಮಾಡಿದ ಬಿಸಿ ಇಡ್ಲಿ, ಕಾಫಿ ಇವೆರಡೇ ಸಾಕು. ದಿನವೂ ಬರುವ ಗಿರಾಕಿ ಅಷ್ಟಕ್ಕೇ ಹಿಗ್ಗುತ್ತಾನೆ. ಒದ್ದೆಯಾಗಿ ಹರಿದ ನೋಟುಗಳನ್ನು ಎಸೆಯದೆ ಒಣಗಿಸಿ ಬ್ಯಾಂಕಿಗೆ ಒಯ್ದರೆ ನಿಯಮಾನುಸಾರ ಬದಲಾಯಿಸಿ ಕೊಡುತ್ತಾರೆ. ದಿನಸಿ ಪೂರೈಸುವವರಿಗೆ ನಷ್ಟದ ನಿಜಸ್ಥಿತಿಯನ್ನು ಬಚ್ಚಿಡದೆ ಹೇಳಿ ಕಾಲಾವಕಾಶ ಕೋರಿದರೆ, ನಂಬಿಕೆಯೂ ಉಳಿಯುತ್ತದೆ.

ಕೊನೆಯದಾಗಿ, ಗೋಡೆಯ ಮೇಲಿನ ನೀರಿನ ಗೆರೆಯನ್ನು ಸುಣ್ಣ ಬಳಿದು ಮರೆಸುವ ಮುನ್ನ ಅದರ ಎತ್ತರವನ್ನು ಅಳೆದು ಬರೆದಿಡುವುದೊಳ್ಳೆಯದು. ವಿದ್ಯುತ್ ಗುಂಡಿಗಳು, ಶೀತಕದ ಪೀಠ, ದಾಸ್ತಾನಿನ ಹಲಗೆ ಎಲ್ಲವೂ ಮುಂದೆ ಆ ಗೆರೆಗಿಂತ ಮೇಲಿರಬೇಕು. ಮೂಸಿಯ ದಡದಲ್ಲಿ ವಿಶ್ವೇಶ್ವರಯ್ಯನವರು ಕೇಳಿದ್ದ ಪ್ರಶ್ನೆಗೆ ಚಿಕ್ಕ ಉಪಾಹಾರಗೃಹವೊಂದು ಕೊಡಬಹುದಾದ ಉತ್ತರ ಅದೇ ಆಗಿದೆ.